ಕರವಸ್ತ್ರವೂ ಖಾಸಗಿತನವೂ

ಒಂದು ಕರವಸ್ತ್ರವನ್ನು ಕೊಳ್ಳಹೋದವನ ಮೊಬೈಲ್ ಸಂಖ್ಯೆಯಿಂದ ಆ ಕರವಸ್ತ್ರಕ್ಕೆ ಆಗಬೇಕಾದುದೇನೆಂಬ ಜಿಜ್ಞಾಸೆ, ಬಿಲ್ಲಿನ ಹುಡುಗಿ "ನಂಬರ್ ಹೇಳಿ ಸಾರ್" ಎಂದಾಗ ನನ್ನಲ್ಲಿ ಉದಿಸಿತು. ಮಂತ್ರೋಪದೇಶದಂತೆ ನಾನು ಪಿಸುಗುಟ್ಟಿದ ಅಂಕಿಗಳನ್ನು ಆಕೆ ಸಾಲಿನ ತುದಿಯವರಿಗೂ ಕೇಳಿಸುವಂತೆ ಉಚ್ಚಸ್ವರದಲ್ಲಿ ಪಠಿಸಿ ನಡುವೆ ತಡವರಿಸಲು, ನನ್ನ ಬೆನ್ನಿಗೇ ಅಂಟಿ ನಿಂತಿದ್ದ ಅಪರಿಚಿತ ಮಹಾಶಯರು "ಎಂಟಲ್ಲಮ್ಮ, ಒಂಬತ್ತು" ಎಂದು ತಿದ್ದಿದರು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಏಕಕಂಠದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದ ವಾರ್ತೆ ಆ ಕೌಂಟರಿಗೆ ಇನ್ನೂ ತಲುಪಿರಲಿಲ್ಲ. ತಲುಪಿದ್ದರೂ, ಹಿಂದಿನ ಸಾಲು ಗೊಣಗುತ್ತಿರುವಾಗ ಸಂವಿಧಾನವನ್ನು ಉದ್ಧರಿಸುವ ಧೈರ್ಯ ಯಾರಿಗುಂಟು? ಈಗ, ಮನೆಯವರು ಮರೆತರೂ, ಆ ಅಂಗಡಿಯವರು ತಪ್ಪದೆ ನನಗೆ ಹುಟ್ಟುಹಬ್ಬದ ಶುಭಾಶಯ ಕಳುಹಿಸುತ್ತಾರೆ. ಜನ್ಮದಿನವನ್ನು ನಾನು ಅವರಿಗೆ ಹೇಳಿಯೇ ಇಲ್ಲ.