ಒಂದು ನರ ಕಡಿಮೆಯಿರುವ ತಲೆ: ಬಳಕೆದಾರರ ಕೈಪಿಡಿ

ಅಕೂಸ್ಟಿಕ್ ನ್ಯೂರೋಮಾವನ್ನು (ಕೇಳುವಿಕೆ, ಸಮತೋಲ ಎರಡರ ಸುದ್ದಿಯನ್ನೂ ಮಿದುಳಿಗೆ ಒಯ್ಯುವ ಎಂಟನೇ ನರದ ಮೇಲಿನ ಗಡ್ಡೆಯನ್ನು) ತೆಗೆಸಿಕೊಂಡು ಮನೆಗೆ ಬಂದವರಿಗೆ ಅಭಿನಂದನೆಗಳು. ನಿಮ್ಮ ತಲೆ ಈಗ ಪರಿಷ್ಕೃತ ಮಾದರಿ. ದೇಹ ವಾಲುವ ಸುದ್ದಿ ಮೊದಲು ಎರಡೂ ಒಳಗಿವಿಗಳಿಂದ ಮಿದುಳಿಗೆ ಹೋಗುತ್ತಿತ್ತು, ಈಗ ಒಂದರಿಂದಲೇ. ಕೊರತೆಯನ್ನು ಕಣ್ಣು, ಪಾದಗಳು ತುಂಬಿಕೊಡಬೇಕು.

ಸ್ನಾನ: ತಲೆಗೆ ಶಾಂಪೂ ಹಾಕಿ ಕಣ್ಣು ಮುಚ್ಚಿದಿರೋ, ಮೂರು ಆಧಾರಗಳಲ್ಲಿ ಒಂದೂವರೆ ಹೋಯಿತು. ಮಿಕ್ಕಿದ್ದು ಅರ್ಧ ಕಿವಿ ಮತ್ತು ಒದ್ದೆ ನೆಲದ ಮೇಲಿನ ಪಾದ. ಸ್ಟೂಲ್ ಹಾಕಿಕೊಂಡು ಕೂತು ಸ್ನಾನ ಮಾಡಿ. ಮಾನವೇನೂ ಹೋಗುವುದಿಲ್ಲ, ಹಲ್ಲು ಉಳಿಯುತ್ತದೆ. ರಾತ್ರಿ ಕರೆಂಟು ಹೋದಾಗಲೂ ಇದೇ ನಿಯಮ: ಟಾರ್ಚ್ ಕೈಗೆ ಸಿಗುವವರೆಗೆ ವೀರಾವೇಶ ಬೇಡ.

ಬೀದಿ: ಬೆಂಗಳೂರಿನ ಫುಟ್‌ಪಾತಿನಲ್ಲಿ ಚಪ್ಪಡಿ ಅಲುಗಿದರೆ ಆಪರೇಷನ್ನನ್ನು ದೂರಬೇಡಿ, ಅಲ್ಲಿ ಎರಡು ಕಿವಿಯವರೂ ಓಲಾಡುತ್ತಾರೆ. ಆದರೆ ಹಾರ್ನ್ ಯಾವ ದಿಕ್ಕಿನದೆಂದು ತಿಳಿಯಲು ಎರಡು ಕಿವಿ ಬೇಕು. ಹುಡುಕಲು ತಲೆ ತಿರುಗಿಸಿದ ಕ್ಷಣವೇ ಆಯ ತಪ್ಪುತ್ತದೆ, ಆದ್ದರಿಂದ ಮೊದಲು ನಿಲ್ಲಿ, ಆಮೇಲೆ ತಿರುಗಿ. ಎದುರು ಸಿಕ್ಕ ಪರಿಚಿತರು, 'ಏನ್ ಸಾರ್, ಬೆಳಬೆಳಿಗ್ಗೆನೇ ಶುರುನಾ?' ಅಂದರೆ ಹೌದು ಅಂದುಬಿಡಿ. ಎಂಟನೇ ನರವನ್ನು ವಿವರಿಸುವುದಕ್ಕಿಂತ ಅದು ಸುಲಭ.

ಎಚ್ಚರಿಕೆ: ತಲೆಸುತ್ತು ಅಡಗಿಸುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತ ಹೋದರೆ ಮಿದುಳು ಹೊಸ ಲೆಕ್ಕ ಕಲಿಯುವುದೂ ತಡವಾಗುತ್ತದೆ. ಸದಾ ಮಲಗಿರುವವರ ಗತಿಯೂ ಅದೇ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಹೆಬ್ಬೆರಳನ್ನು ಮುಂದೆ ಹಿಡಿದು, ನೋಟ ಅದರ ಮೇಲೆ ನೆಟ್ಟು, ತಲೆಯನ್ನು ಅತ್ತಿತ್ತ ಆಡಿಸಿ. ಸ್ವಲ್ಪ ಸುತ್ತು ಬರಬೇಕು. ಅದು ಯಂತ್ರದ ದೋಷವಲ್ಲ, ಯಂತ್ರ ಕೆಲಸ ಮಾಡುವುದೇ ಹಾಗೆ.

ಸ್ಕ್ಯಾನ್: ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಚುಚ್ಚಿ ಎಂಆರ್‌ಐ ಮಾಡುತ್ತಾರೆ. ವರದಿ ಬರುತ್ತದೆ: 'ಸಣ್ಣದೊಂದು ಹೊಳಪು ಕಾಣುತ್ತಿದೆ. ಶಸ್ತ್ರಚಿಕಿತ್ಸೆಯ ನಂತರದ ಬದಲಾವಣೆ ಇರಬಹುದು. ಉಳಿಕೆ ಗಡ್ಡೆಯನ್ನು ತಳ್ಳಿಹಾಕುವಂತಿಲ್ಲ.' ಜೋಯಿಸರು ಕೂಡ ಇಷ್ಟು ಜಾಗರೂಕತೆಯಿಂದ ಮಾತಾಡುವುದಿಲ್ಲ. ಆದರೆ ರೇಡಿಯಾಲಜಿಸ್ಟರು ನುಣುಚಿಕೊಳ್ಳುತ್ತಿದ್ದಾರೆ ಎಂದು ಸಿಟ್ಟಾಗಬೇಡಿ. ಗಡ್ಡೆಯೂ ಹೊಳೆಯುತ್ತದೆ, ಗಾಯದ ಕಲೆಯೂ ಹೊಳೆಯುತ್ತದೆ. ಆಪರೇಷನ್ನಿನ ಕುಳಿ ತುಂಬಲು ನಿಮ್ಮದೇ ಹೊಟ್ಟೆಯಿಂದ ಕೊಬ್ಬು ತೆಗೆದು ಇಟ್ಟಿದ್ದರೆ ಅದೂ ಬೆಳ್ಳಗೆ ಕಾಣುತ್ತದೆ. ಹೊಳಪು ತೆಳು ಗೆರೆಯಂತಿದ್ದರೆ ಸಾಮಾನ್ಯವಾಗಿ ಕಲೆ, ಗಂಟಿನಂತಿದ್ದರೆ ಅದರ ಮೇಲೆ ಕಣ್ಣಿಡಬೇಕು. ಮುಖದ ನರಕ್ಕೆ ಅಂಟಿಕೊಂಡ ಗಡ್ಡೆಯ ಚೂರನ್ನು, ನಿಮ್ಮ ನಗು ಸೊಟ್ಟಗಾಗದಿರಲೆಂದು ಸರ್ಜನ್ನರು ಬೇಕೆಂದೇ ಬಿಟ್ಟಿರುವುದೂ ಉಂಟು.

ಒಂದೇ ಚಿತ್ರವನ್ನು ನಡುರಾತ್ರಿ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ ಉತ್ತರ ಸಿಗುವುದಿಲ್ಲ. ಈ ಗಡ್ಡೆಗಳು ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಬೆಳೆದಿದೆಯೋ ಇಲ್ಲವೋ ಹೇಳಲು ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟು ನೋಡಲೇಬೇಕು. ಹಾಗಾಗಿ ಮುಂದಿನ ಸಲ ಹೋಗುವಾಗ ಹಳೆಯ ಸಿ.ಡಿ.ಗಳನ್ನೂ ಆಪರೇಷನ್ ಟಿಪ್ಪಣಿಯನ್ನೂ ಮರೆಯದೆ ಒಯ್ಯಿರಿ. ವರದಿಯ ಹಾಳೆಯೊಂದೇ ಸಾಲದು.