ತೀರ್ಪು ಕಾಯ್ದಿರಿಸಿದ ರಾಯರು

ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಬ್ಬರು ರಾಯರು ಸಿಕ್ಕೇ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಬಡಾವಣೆಯ ಹಿತರಕ್ಷಣಾ ಸಮಿತಿಗೆ ಆಜೀವ ಕಾರ್ಯದರ್ಶಿಗಳು, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಸರ್ವಿಸ್ಸಿನಲ್ಲಿದ್ದಾಗ ಊರವರ ಲಕ್ಷಾಂತರ ರೂಪಾಯಿ ಸಾಲಕ್ಕೆ ಊಟದ ಹೊತ್ತಿನೊಳಗೆ ಮಂಜೂರಾತಿ ಕೊಟ್ಟವರು. ಈಗ ಮನೆಗೊಂದು ಮಿಕ್ಸಿ ಬೇಕೆಂದರೂ ಕಡತ ತೆರೆಯುತ್ತಾರೆ. ಸದ್ಯ ನಮ್ಮ ರಸ್ತೆಯ ರಾಯರ ಮೇಜಿನ ಮೇಲಿರುವ ಕಡತ: ‘ಮನೆಯ ಕಂಪ್ಯೂಟರಿನ ಬದಲು ಟ್ಯಾಬ್ಲೆಟ್ – ಸಾಧ್ಯಾಸಾಧ್ಯತೆ’.

ಆ ಕಂಪ್ಯೂಟರೇನೂ ಸಾಮಾನ್ಯದ್ದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು, ಬಿಡಿಭಾಗ ಆರಿಸಿ ಕಟ್ಟಿಸಿದ್ದು. ಆಮೇಲೆ ರ‍್ಯಾಮು, ಹಾರ್ಡ್ ಡಿಸ್ಕು, ಎಸ್‌ಎಂಪಿಎಸ್ಸು ಒಂದೊಂದಾಗಿ ಬದಲಾಗಿ, ಮೂಲದ್ದೆಂದು ಉಳಿದಿರುವುದು ಕ್ಯಾಬಿನೆಟ್ಟು ಮತ್ತು ಅದರ ಮೇಲೆ ವರ್ಷವರ್ಷದ ಆಯುಧಪೂಜೆಯ ಕುಂಕುಮ. ವಿಂಡೋಸಿನ ತಿಥಿಗಳೆಲ್ಲ ರಾಯರಿಗೆ ಬಾಯಿಪಾಠ. ಎಕ್ಸ್‌ಪಿ ತೀರಿಕೊಂಡದ್ದು 2014ರ ಏಪ್ರಿಲ್ 8, ಸೆವೆನ್ 2020ರ ಜನವರಿ 14, ಟೆನ್ 2025ರ ಅಕ್ಟೋಬರ್ 14. ಇಲೆವೆನ್ ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಇದೆಯೇ ಎಂದು ವಿಚಾರಿಸುತ್ತದೆ. ಕುಂಕುಮ ಇದೆ, ಚಿಪ್ಪು ಇಲ್ಲ.

ಅಮೆರಿಕದ ಮಗ ವಿಡಿಯೊ ಕರೆಯಲ್ಲೇ ಅಪ್ಪಣೆ ಕೊಡಿಸಿದ. “ಅಪ್ಪಾ, ಆ ಡಬ್ಬ ಗುಜರಿಗೆ ಹಾಕಿ. ಟ್ಯಾಬಲ್ಲೇ ಎಲ್ಲಾ ಆಗುತ್ತೆ.”

‘ಎಲ್ಲಾ’ ಎಂಬ ಮಾತನ್ನು ಯಾವ ಬ್ಯಾಂಕ್ ಅಧಿಕಾರಿಯೂ ವಿವರಣೆಯಿಲ್ಲದೆ ಒಪ್ಪುವುದಿಲ್ಲ. ರಾಯರು ಲೆಡ್ಜರು ತೆಗೆದರು. ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ಜಮಾ ಕಡೆ ಮೊದಲು ಬಿದ್ದದ್ದು ಕರೆಂಟು. ವಿದ್ಯುತ್ ಹೋದೊಡನೆ ರಾಯರ ಯುಪಿಎಸ್ ಕುಂಯ್‌ಗುಡತೊಡಗುತ್ತದೆ; ಅದರ ಬ್ಯಾಟರಿ ಮುದಿಯಾಗಿರುವುದರಿಂದ, ಎದ್ದು ಕನ್ನಡಕ ಹುಡುಕಿ ‘ಸೇವ್’ ಒತ್ತುವಷ್ಟರಲ್ಲಿ ಅದೂ ಸುಮ್ಮನಾಗುತ್ತದೆ. ಟ್ಯಾಬಿಗೆ ಆ ತಾಪತ್ರಯವಿಲ್ಲ. ಎರಡನೆಯದು ಪಿಂಚಣಿದಾರರ ಜೀವಂತ ಪ್ರಮಾಣಪತ್ರ. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಬಂದಾಗ ಬೆರಳಚ್ಚಿನ ಯಂತ್ರ ಬೇಕಿತ್ತು. ಗೆರೆ ಸವೆದ ಬೆರಳನ್ನು ಅದು ಗುರುತಿಸುತ್ತಿರಲಿಲ್ಲ. 2021ರಿಂದ ಮುಖ ತೋರಿಸಿದರೆ ಸಾಕು. ಮಗ ಕಳೆದ ಸಲ ಬಂದಾಗ ಅಮ್ಮನಿಗೆಂದು ಕೊಡಿಸಿ ಹೋಗಿದ್ದ ಟ್ಯಾಬನ್ನು ಆಕೆ ಗಂಡನ ಮುಖಕ್ಕೆ ಹಿಡಿದರು.

“ರೀ, ಕಣ್ಣು ಮಿಟುಕಿಸಬೇಕಂತೆ.”

“ಮಿಟುಕಿಸಿದೆನಲ್ಲ!”

“ನಿಮ್ಮ ಮಿಟುಕು ಅದಕ್ಕೆ ಸಾಲದಂತೆ. ಕನ್ನಡಕ ತೆಗೀರಿ, ಕಿಟಕಿ ಕಡೆ ತಿರುಗಿ.”

ರಾಯರು ಬದುಕಿದ್ದಾರೆಂದು ಸರ್ಕಾರ ಒಪ್ಪಿಕೊಂಡಿತು. ಆಕೆ ಒಗ್ಗರಣೆ ಹಾಕಲು ಹೋದರು. ರಾಯರು ಬರೆದರು: ‘ಜೀವಂತಿಕೆ – ಆಗುತ್ತದೆ. ಷರಾ: ಬೆಳಕು ಬೇಕು.’

ಮನೆಯಲ್ಲೇ ಟ್ಯಾಬ್ ಇರುವಾಗ ಇನ್ನೇನು ಪರಿಶೀಲನೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. “ಅದು ಅವಳದು ಸ್ವಾಮಿ. ನನ್ನ ವಿಚಾರಣೆಗೆ ಅದು ಸಾಕ್ಷಿ ಮಾತ್ರ” ಅಂದರು.

ಖರ್ಚಿನ ಕಡೆ ರಾಯರ ಅಕ್ಷರ ಇನ್ನಷ್ಟು ಗುಂಡಗಾಯಿತು. ಹಿತರಕ್ಷಣಾ ಸಮಿತಿ ಪಾಲಿಕೆಗೆ ಬರೆದ ಅರ್ಜಿಗಳೆಲ್ಲ, ಅಂದರೆ ಚರಂಡಿ, ಬೀದಿನಾಯಿ, ಉದ್ಯಾನದ ಬೇಲಿ, ಮತ್ತೆ ಚರಂಡಿ, ಎಲ್ಲವೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿವೆ. ಪೆನ್‌ಡ್ರೈವಿನಿಂದ ಟ್ಯಾಬಿಗೆ ಹಾಕಿ ತೆರೆದರೆ ‘ಮಾನ್ಯ ಆಯುಕ್ತರೇ’ ಇದ್ದ ಕಡೆ ಟೊಪ್ಪಿ ಹಾಕಿದ ಎ, ನಡುವೆ ಒಂದು ಪೌಂಡಿನ ಗುರುತು. ಯೂನಿಕೋಡಿಗೆ ಮುಂಚಿನ ಆ ಫಾಂಟುಗಳು ಕನ್ನಡದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಫಾಂಟು ಇಲ್ಲದ ಕಡೆ ಬಾಡಿಗೆದಾರ ಕಾಣಿಸುವುದಿಲ್ಲ, ಮನೆಯ ಮಾಲೀಕನೇ ಬಾಗಿಲು ತೆರೆಯುತ್ತಾನೆ. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಇದೆಯಲ್ಲ ಎಂದರೆ, ರಾಯರ ಉತ್ತರ ಸಿದ್ಧ: “ಅದನ್ನು ಓಡಿಸೋಕೆ ಕಂಪ್ಯೂಟರ್ ಬೇಕಲ್ಲ?” ಮೇಲಾಗಿ ಅವರ ಹತ್ತೂ ಬೆರಳಿಗೆ ಕೆ.ಪಿ. ರಾವ್ ಕೀಲಿಮಣೆ ರೂಢಿ. ಗಾಜಿನ ಮೇಲೆ ಬೆರಳಾಡಿಸಿ ಅರ್ಜಿ ಬರೆದರೆ ಸಿಟ್ಟು ಅಕ್ಷರಕ್ಕೆ ಇಳಿಯುವುದಿಲ್ಲವಂತೆ.

ಎಕ್ಸೆಲ್ ಪ್ರಸಂಗ ಇದಕ್ಕಿಂತ ಸೂಕ್ಷ್ಮ. ಪರದೆ 10.1 ಇಂಚಿನವರೆಗೆ ಇದ್ದರೆ ಮೈಕ್ರೋಸಾಫ್ಟಿನ ಆ್ಯಪಿನಲ್ಲಿ ಲೆಕ್ಕ ತಿದ್ದುವುದು ಪುಕ್ಕಟೆ. ಅದಕ್ಕಿಂತ ದೊಡ್ಡದಾದರೆ ಚಂದಾ ಕಟ್ಟಬೇಕು. ಇದು ತಿಳಿದ ದಿನ ರಾಯರು ಹೆಂಡತಿಯ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದುಕೊಂಡು ದೇವರಾಜ ಅರಸು ರಸ್ತೆಯ ಶೋರೂಮಿಗೆ ನಡೆದರು. ಅಲ್ಲಿದ್ದ ಟ್ಯಾಬುಗಳನ್ನೆಲ್ಲ ಮೂಲೆಯಿಂದ ಮೂಲೆಗೆ ಅಳೆದರು. ಹೆಚ್ಚಿನವು 11 ಇಂಚು.

“ಇನ್ನೂ ದೊಡ್ಡದು ತೋರಿಸ್ಲಾ ಸರ್?” ಅಂದ ಹುಡುಗ.

“ಚಿಕ್ಕದು ತೋರಿಸಪ್ಪಾ. ಒಂದಿಂಚೂ ಇಲ್ಲದ್ದಕ್ಕೆ ವರ್ಷಾ ವರ್ಷಾ ಕಂದಾಯ ಕಟ್ಟೋಕಾಗಲ್ಲ.”

ಹುಡುಗ ಪಾಪ, ಐಪ್ಯಾಡ್ ಮುಂದಿಟ್ಟ. ಅಲ್ಲಿಂದ ವಿಚಾರಣೆಯ ಧಾಟಿಯೇ ಬದಲಾಯಿತು. “2010ರ ಜನವರಿಯಲ್ಲಿ ಇದನ್ನು ಜಗತ್ತಿಗೆ ತೋರಿಸಿದಾಗ ಸ್ಟೀವ್ ಜಾಬ್ಸ್ ಏನು ಹೇಳಿದ? ಫೋನಿಗೂ ಲ್ಯಾಪ್‌ಟಾಪಿಗೂ ನಡುವಿನದು ಅಂತ. ಬದಲು ಅಂದನೇ? ಇಲ್ಲ. 2017ರಲ್ಲಿ ಅದೇ ಕಂಪನಿಯ ಜಾಹೀರಾತಿನಲ್ಲಿ ಐಪ್ಯಾಡ್ ಹಿಡಿದ ಹುಡುಗಿ ಏನು ಕೇಳುತ್ತಾಳೆ? ‘ಕಂಪ್ಯೂಟರ್ ಅಂದರೇನು?’ ಅಂತ. ಏಳು ವರ್ಷದಲ್ಲಿ ಸಾಕ್ಷಿ ಹೇಳಿಕೆ ಬದಲಾಯಿಸಿದೆ. ಇರಲಿ. ರಾಮನ ವನವಾಸ ಎಷ್ಟು ವರ್ಷ?”

“ಹದಿನಾಲ್ಕು ಸರ್.”

“ಕಂಪನಿಯವರು ಇದಕ್ಕೆ ತಮ್ಮದೇ ಕ್ಯಾಲ್ಕ್ಯುಲೇಟರ್ ಕೊಟ್ಟದ್ದು 2024ರಲ್ಲಿ. ಕೂಡೋದು ಕಳೆಯೋದು ಹದಿನಾಲ್ಕು ವರ್ಷ ಕಾಡಿನಲ್ಲಿತ್ತು!”

“ಈಗ ಬಂದಿದೆಯಲ್ಲ ಸರ್.”

“ಪಟ್ಟಾಭಿಷೇಕ ಆಯಿತು ಅಂತ ಭರತನ ಕಾಲದ ಲೆಕ್ಕ ಆಡಿಟ್ ಮಾಡಬಾರದೇನು?”

ಆಮೇಲೆ ಮಗಳ ಮದುವೆಯ ಡಿವಿಡಿ ಎಲ್ಲಿ ಹಾಕುವುದೆಂದು ಕೇಳಿದರು. ಹುಡುಗ ಒಳಗಿದ್ದ ಹಿರಿಯ ಸೇಲ್ಸ್‌ಮನ್ನನ್ನು ಕರೆತಂದ. ಆತ ಕೀಲಿಮಣೆಯ ಕವರು, ಮೌಸು, ಓಟಿಜಿ ಕೊಂಡಿ, ಒಂದು ಪೆನ್ನು ಸಾಲಾಗಿ ಜೋಡಿಸಿ ಒಟ್ಟು ಹೇಳಿದ. ರಾಯರು ಮೊತ್ತವನ್ನು ಕೈಯಲ್ಲೇ ಕೂಡಿ ತಾಳೆ ನೋಡಿದರು. ಸರಿಯಾಗಿತ್ತು. “ಇಷ್ಟೆಲ್ಲ ಸೇರಿಸಿ ಇದನ್ನ ಲ್ಯಾಪ್‌ಟಾಪ್ ಮಾಡೋ ಬದಲು ಲ್ಯಾಪ್‌ಟಾಪನ್ನೇ ತಗೋಬಹುದಲ್ಲಪ್ಪಾ?” ಸೇಲ್ಸ್‌ಮನ್ನು ಸಂತೋಷದಿಂದ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದ. ರಾಯರು ಅದಕ್ಕೆ ಬೇರೆ ಕಡತ ತೆರೆಯಬೇಕಾಗುತ್ತದೆಂದು ತಿಳಿಸಿ ಹೊರಬಂದರು.

ಇತ್ತ ಮನೆಯಲ್ಲಿ ರಾಯರ ಹೆಂಡತಿ ತಮ್ಮ ಟ್ಯಾಬಿನಲ್ಲೇ ವಿದ್ಯುತ್ ಬಿಲ್ಲು ಕಟ್ಟುತ್ತಾರೆ, ಗ್ಯಾಸ್ ಬುಕ್ ಮಾಡುತ್ತಾರೆ, ಮೊಮ್ಮಗಳಿಗೆ ಕಥೆ ಹೇಳುತ್ತಾರೆ, ಊರಿನ ಗದ್ದೆಯ ಪಹಣಿ ತೆಗೆದು ತಮ್ಮನಿಗೆ ಕಳಿಸುತ್ತಾರೆ. ಟ್ಯಾಬ್ ಕಂಪ್ಯೂಟರಿನ ಬದಲಾಗುತ್ತದೆಯೇ ಎಂಬ ಪ್ರಶ್ನೆ ಆಕೆಗೆ ಹೊಳೆದೇ ಇಲ್ಲ. ಹೊಳೆಯದ್ದರಿಂದಲೇ ಅದು ಬದಲಾಗಿಬಿಟ್ಟಿದೆ.

ನನ್ನ ಮಟ್ಟಿಗೆ ಈ ಮೊಕದ್ದಮೆಯಲ್ಲಿ ಇಬ್ಬರೂ ಗೆದ್ದಿದ್ದಾರೆ. ನೋಡುವ, ಓದುವ, ಹಣ ಕಟ್ಟುವ, ಮಾತಾಡುವ ಕೆಲಸಕ್ಕೆ ಟ್ಯಾಬ್ ಧಾರಾಳ. ಪುಟಗಟ್ಟಲೆ ಬರೆಯುವ, ಎಕ್ಸೆಲ್ಲಿನಲ್ಲಿ ಮ್ಯಾಕ್ರೋ ಓಡಿಸುವ, ಹಳೆಯ ಕಡತ ಕಾಯುವ ಕೆಲಸಕ್ಕೆ ಅದು ಸಾಲದು. ನಿಮ್ಮ ಮನೆಯಲ್ಲೂ ಈ ಚರ್ಚೆ ನಡೆದಿದ್ದರೆ ಕಳೆದ ತಿಂಗಳು ಕಂಪ್ಯೂಟರಿನಲ್ಲಿ ನಿಜವಾಗಿ ಏನೇನು ಮಾಡಿದಿರೆಂದು ಬರೆದು ನೋಡಿ. ಡಬ್ಬ ಗುಜರಿಗೆ ಹೋಗುವ ಮುಂಚೆ ನುಡಿಯ ಕಡತಗಳನ್ನು ಯೂನಿಕೋಡಿಗೆ ತನ್ನಿ, ಮದುವೆಯ ಡಿವಿಡಿಯನ್ನು ಪೆನ್‌ಡ್ರೈವಿಗೆ ಇಳಿಸಿ. ಭದ್ರತೆಯ ಅಪ್‌ಡೇಟು ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಬೇಡ. ಪಟ್ಟಿ ಒಂದೇ ಪುಟದಲ್ಲಿ ಮುಗಿಯಲಿ. ಎರಡನೆಯ ಪುಟ ತಿರುಗಿಸುವಷ್ಟರಲ್ಲಿ ಮಾಡೆಲ್ಲೂ ಬದಲಾಗಿರುತ್ತದೆ, ಬೆಲೆಯೂ.