ರೊಟ್ಟಿ ದುಂಡಗಿತ್ತೇ?

ನಮ್ಮ ಬಳಗದಲ್ಲಿ ಒಂದೇ ಮದುವೆ ಮೂರು ತಾಲೂಕಿನಲ್ಲಿ ಮೂರು ನಮೂನೆಯಾಗಿ ನಡೆದಿದೆ. ಆಳಂದದ ಟೀವಿಯಲ್ಲಿ ಗಂಡಸರಿಗೆ ರುಮಾಲಿಲ್ಲ, ಹೆಂಗಸರಿಗೆ ಪಾದವಿಲ್ಲ. ಅಫಜಲಪುರದಲ್ಲಿ ಎಲ್ಲರೂ ತುಸು ಇಳಿದುಹೋಗಿದ್ದಾರೆ. ಜೇವರ್ಗಿಯಲ್ಲಿ ಮದುಮಗನಿಂದ ಹಿಡಿದು ಬ್ಯಾಂಡಿನವರ ತನಕ ಸಕಲರೂ ದಷ್ಟಪುಷ್ಟ. 2006ರ ಡಿವಿಡಿ ಒಂದೇ. ಅದನ್ನು ಪೆನ್‌ಡ್ರೈವಿಗೆ ಇಳಿಸಿದ ಕೈಗಳು ಬೇರೆ. ಇದನ್ನು ನೆಟ್ಟಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾರೂ ಹೇಳದ ಕೆಲಸದಲ್ಲೇ ನನಗೆ ಹುರುಪು ಜಾಸ್ತಿ.

ಡಿವಿಡಿಯ ಒಳಗುಟ್ಟು ಕೇಳಿ. ನಮ್ಮ ದೇಶದ ಪಾಲ್ ಟೀವಿ ಪದ್ಧತಿಯಲ್ಲಿ ಅದರ ಚೌಕಟ್ಟು 720 ಚುಕ್ಕೆ ಅಗಲ, 576 ಎತ್ತರ. ಲೆಕ್ಕ ಹಾಕಿದರೆ 5:4. ಹಳೆಯ ಡಬ್ಬಾ ಟೀವಿ 4:3, ಈಗಿನದು 16:9. ಅಂದರೆ ಡಿವಿಡಿಯಲ್ಲಿರುವ ಆಕಾರ ಯಾವ ಟೀವಿಯದೂ ಅಲ್ಲ! ನನ್ನನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬ ಸೂಚನೆಯನ್ನು ಅದು ಗುಟ್ಟಾಗಿ ಇಟ್ಟುಕೊಂಡಿರುತ್ತದೆ. 4:3 ಎಂದಿದ್ದರೆ ಅಗಲ 768 ಆಗಬೇಕು, 16:9 ಎಂದಿದ್ದರೆ 1024. ಸೂಚನೆಯನ್ನೇ ಓದದೆ 720ಕ್ಕೆ ಬಿಟ್ಟವರು ಅಫಜಲಪುರದವರು. ಅಲ್ಲಿ ಪ್ರತಿಯೊಬ್ಬರೂ ನೂರಕ್ಕೆ ಆರು ಪಾಲು ಸೊರಗಿದರು. ಸೂಚನೆಯನ್ನು ಭಕ್ತಿಯಿಂದ ಪಾಲಿಸಿದವರು ಜೇವರ್ಗಿಯವರು. ಡಿವಿಡಿ ಸುಟ್ಟುಕೊಟ್ಟ ಪುಣ್ಯಾತ್ಮ 4:3ರ ಚಿತ್ರಕ್ಕೆ 16:9 ಎಂದು ಬರೆದಿದ್ದನೆಂಬುದು ನನ್ನ ಗುಮಾನಿ. ಹಿಸುಕಿ ಹಿಡಿದು, ಹಿಗ್ಗಿಸಿ ತೋರಿಸುವ ಈ ವಿದ್ಯೆ ಹಳೆಯದೇ. ಕನ್ನಡದ ಮೊದಲ ಸಿನೆಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ 1977ರಲ್ಲಿ ಬಂದದ್ದು ಇದೇ ಉಪಾಯದಿಂದ. ಅಲ್ಲಿ ಹಿಗ್ಗಿಸಲು ಪ್ರೊಜೆಕ್ಟರಿಗೆ ಬೇರೆ ಲೆನ್ಸ್ ಇತ್ತು, ಇಲ್ಲಿ ನಾನಿದ್ದೆ.

ಗುಮಾನಿ ಸಾಕೇ, ಪುರಾವೆ ಬೇಡವೇ? ಅದಕ್ಕೊಂದು ಸುಲಭದ ದಾರಿಯಿದೆ. ಚಿತ್ರದಲ್ಲಿ ದುಂಡಗಿನದೊಂದನ್ನು ಹುಡುಕಿ, ಅಗಲ ಎತ್ತರ ಎರಡನ್ನೂ ಅಳೆಯಬೇಕು. ಊಟದ ತಾಟು ನೆಲದ ಮೇಲೆ ಓರೆಯಾಗಿದ್ದವು, ನಡೆಯಲಿಲ್ಲ. ಕುಂಕುಮದ ಬೊಟ್ಟಿನ ಗಾತ್ರ ಸ್ಕೇಲಿಗೆ ನಿಲುಕಲಿಲ್ಲ. ಕೊನೆಗೆ ಅಡುಗೆಯ ದೃಶ್ಯದಲ್ಲಿ ದೊಡ್ಡವ್ವ ಸಿಕ್ಕಳು. ಕ್ಯಾಮೆರಾದವನ ಮಾತು ಕೇಳಿ, ತಟ್ಟಿದ ಜೋಳದ ರೊಟ್ಟಿಯನ್ನು ಎರಡೂ ಅಂಗೈ ಮೇಲೆ ಎದುರಿಗೇ ಎತ್ತಿ ಹಿಡಿದಿದ್ದಾಳೆ. ಜೇವರ್ಗಿ ಪ್ರತಿಯನ್ನು ಅಲ್ಲೇ ನಿಲ್ಲಿಸಿ ಪರದೆಗೆ ಸ್ಕೇಲು ಹಚ್ಚಿದೆ. ಎತ್ತರ 9 ಸೆಂ.ಮೀ., ಅಗಲ 12. ಗೆದ್ದೆ! 768 ಹಿಗ್ಗಿ 1024 ಆದ ಲೆಕ್ಕವೂ ಇದೇ. ನಿಜವಾದದ್ದು 4:3. ರೊಟ್ಟಿ ದುಂಡಗಿದ್ದದ್ದೇ ಆದರೆ.

ಈ ‘ಆದರೆ’ ನನ್ನನ್ನು ಮಲಗಗೊಡಲಿಲ್ಲ. ಅಫಜಲಪುರದ ಅತ್ತೆಗೆ ಫೋನು ಹಚ್ಚಿದೆ.

“ಆಕಿ ರೊಟ್ಟಿ ಯಾವಾಗ ದುಂಡ ಇದ್ದವೋ ಮಾರಾಯಾ? ಭೀಮಾ ಹೊಳಿ ತಿರುವಿದಂಗ ಇರ್ತಿದ್ವು.”

ಜೇವರ್ಗಿ ಮಾವನದು ಇನ್ನೂ ಗಟ್ಟಿ ಸಾಕ್ಷ್ಯ: “ಅಡ್ಡಗಲ ಇತ್ತು. ನಾನೇ ತಿಂದೀನಿ.”

ಇಷ್ಟು ವರ್ಷದ ಹಿಂದೆ ತಿಂದ ರೊಟ್ಟಿಯ ಆಕಾರ ನೆನಪಿಟ್ಟವರ ಎದುರು ವಾದ ಮಾಡುವುದುಂಟೇ? ಸ್ಕೇಲು ಜೇಬಿಗಿಟ್ಟುಕೊಂಡು ಆಳಂದದ ಬಸ್ಸು ಹತ್ತಿದೆ.

“ನನ್ನ ರೊಟ್ಟಿ ಮ್ಯಾಲ ಮೂರು ತಾಲೂಕಿನ ಪಂಚಾಯ್ತಿ ಕೂಡಿಸೀಯೇನು?” ಎನ್ನುತ್ತಲೇ ದೊಡ್ಡವ್ವ ಒಲೆ ಹೊತ್ತಿಸಿದಳು. ಹಿಟ್ಟು ನಾದಿದಳು. ಬಡಿದಳು, ತಿರುವಿದಳು, ಬಡಿದಳು. ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ನಾನು ಸ್ಕೇಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬುಟ್ಟಿಗೆ ಬಿದ್ದ ಕೂಡಲೇ ಬಗ್ಗಿ, “ಅಗಲ 24” ಎಂದೆ.

“ಅಗಲ ಅಂದ್ರ ಯಾವ ಕಡೀದು?”

ನಾನು ಯೋಚನೆಗೆ ಬಿದ್ದೆ. ನಿಜ, ರೊಟ್ಟಿಗೆ ತಲೆ ಯಾವುದು, ಕಾಲು ಯಾವುದು? ಹಂಚಿನ ಮೇಲೆ ತಿರುಗಿಸಿ ಹಾಕಿದ ಮೇಲೆ ಎಡ ಬಲವಾಗಿದೆಯೋ, ಬಲ ಎಡವಾಗಿದೆಯೋ? ಮೂಡಣ ಪಡುವಣ ಅಳೆದೆ, ಬಡಗು ತೆಂಕು ಅಳೆದೆ, ಮೂಲೆಯಿಲ್ಲದ ರೊಟ್ಟಿಯನ್ನು ಮೂಲೆಯಿಂದ ಮೂಲೆಗೂ ಅಳೆದೆ. ಬೆರಳು ಸುಡುತ್ತಿತ್ತು. ಎತ್ತ ತಿರುಗಿಸಿದರೂ 24! ಇದು ಇವತ್ತಿನ ರೊಟ್ಟಿ, ಅಂದಿನದಕ್ಕೆ ಏನು ಗ್ಯಾರಂಟಿ ಎಂದು ಬಾಯಿ ತೆರೆದೆ. ದೊಡ್ಡವ್ವ ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿಕೊಂಡೆ. ಪುಂಡಿಪಲ್ಯ, ಶೇಂಗಾ ಹಿಂಡಿ ಹಚ್ಚಿಕೊಂಡು ಪುರಾವೆಯನ್ನು ತಿಂದು ಮುಗಿಸಿದೆ.

ಆಗಲೇ ಮನೆಯ ಹುಡುಗರು ತಮ್ಮ ಪ್ರತಿ ಹಾಕಿದರು. ಅಜ್ಜ ಅಕ್ಷತೆ ಹಾಕುವ ಹೊತ್ತು. ದೊಡ್ಡವ್ವ ಕೇಳಿದಳು: “ನಿಮ್ಮಜ್ಜನ ರುಮಾಲು ಎಲ್ಲಿ?”

ಇಲ್ಲ. ಎಡಬಲದಲ್ಲಿ ಕಪ್ಪು ಪಟ್ಟಿ ಬಂದರೆ ಟೀವಿಗೆ ಕೊಟ್ಟ ದುಡ್ಡು ದಂಡ ಎನ್ನುವ ಜನ, ಪರದೆ ತುಂಬಲೆಂದು ಮೇಲೆ 72 ಗೆರೆ, ಕೆಳಗೆ 72 ಗೆರೆ ಕತ್ತರಿಸಿದ್ದರು. ಚಿತ್ರದ ಕಾಲುಭಾಗವೇ ಹೋಯಿತು. ಅಜ್ಜ ನಡೆದಾಡುವುದು ಈಗ ಆ ಡಿವಿಡಿಯಲ್ಲಿ ಮಾತ್ರ. ಹುಟ್ಟಿನಿಂದ ನಾನು ಅವನನ್ನು ಬರಿತಲೆಯಲ್ಲಿ ಹೊರಗೆ ಕಂಡವನಲ್ಲ. ಟೀವಿ ತುಂಬಿಸಲು ಅವನ ತಲೆಗೇ ಕೈ ಹಾಕಬೇಕಿತ್ತೇ? ಸಿಟ್ಟು ಬಂತು, ಹುಡುಗರ ಮೇಲೆ ರೇಗಿಯೂ ರೇಗಿದೆ. ಮೂಲ ಡಿವಿಡಿಯಾದರೂ ಎಷ್ಟು ದಿನ? ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರ ಬಿಸಿಲಿಗೆ, ಸೆಕೆಗೆ ಮಾಸುತ್ತದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಇವೆರಡಕ್ಕೆ ಎಂದೂ ಬಂದಿಲ್ಲ.

ಅಂದೇ ಡಿವಿಡಿ ತಂದು ಹ್ಯಾಂಡ್‌ಬ್ರೇಕ್ ತಂತ್ರಾಂಶಕ್ಕೆ ಹಾಕಿದೆ. ತಾನಾಗಿ ಅಂಚು ಕತ್ತರಿಸುವ ಅದರ ಚಾಳಿ ಬಂದ್ ಮಾಡಿ, 768ಕ್ಕೆ 576 ಎಂದು ಕೂರಿಸಿ, ಮೂರೂ ಮನೆಗೆ ಕಳಿಸಿದೆ. ಆಳಂದದಲ್ಲಿ ಅಜ್ಜ ರುಮಾಲು ಸುತ್ತಿದ. ಅಫಜಲಪುರದ ಅತ್ತೆ, “ಮೊದಲಿಂದೇ ಛಲೋ ಇತ್ತಪಾ, ಇದ್ರಾಗ ನಾ ಊದಿಕೊಂಡೀನಿ” ಎಂದಳು. ಆರು ಪಾಲಿನ ಮೋಹ ಅಷ್ಟು.

ಮಾವ ಮಾತ್ರ ಜಗಳಕ್ಕೇ ನಿಂತ.

“ತಮ್ಮಾ, ನನ್ನ ಹೊಟ್ಟಿ ಎಲ್ಲಿ ಹೋತು?”

“ಮಾವಾ, ಆವಾಗ ನಿಮಗ ಹೊಟ್ಟಿ ಇದ್ದಿದ್ದಿಲ್ರೀ. ರೊಟ್ಟಿ ಅಳದೇ ಹೇಳ್ಲಕತ್ತೀನಿ.”

“ಆವಾಗ ಇದ್ದಿದ್ದಿಲ್ಲ, ಈಗ ಅದ. ಹಳೇದ್ರಾಗ ನಾ ಈಗ ಹ್ಯಾಂಗ್ ಅದೀನಿ ಹಂಗೇ ಕಾಣ್ತಿದ್ದೆ. ಖರೇ ಯಾವುದಾತು, ನೀನೇ ಹೇಳು!”